ಮೊದಲ ಪ್ರಶ್ನೆ ಕೇಳುವವಳು

ವಿಜ್ಞಾನಿಗಳ ನಡುವೆ ಒಬ್ಬನ ಮಾನ ತೆಗೆಯಬೇಕೆಂದರೆ ಬಾಯಿಗೆ ಬಂದಂತೆ ಬೈಯಬೇಕಾಗಿಲ್ಲ. ಅವನು ಒಂದು ಗಂಟೆ ಮಾತಾಡಿ, ಕೊನೆಯ ಸ್ಲೈಡ್ ತೋರಿಸಿ, ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಎಲ್ಲರೂ ಸುಮ್ಮನೆ ಕೂತುಬಿಟ್ಟರೆ ಸಾಕು. ಅಲ್ಲಿಯವರೆಗೆ ಕೇಳಿಸದ ಎ.ಸಿ.ಯ ಸದ್ದು ಆಗ ಕೇಳಿಸತೊಡಗುತ್ತದೆ. ಮುಂದಿನ ಸಾಲಿನ ಹಿರಿಯರು ಸೊಗಸಾದ ಒಂದು ನಿದ್ದೆ ಮುಗಿಸಿ ಕಣ್ಣು ಬಿಡುತ್ತಾರೆ. ಹಿಂದಿನ ಸಾಲಿನವರು ಲ್ಯಾಪ್‌ಟಾಪ್ ಮುಚ್ಚಿ, ಬಾಗಿಲ ಹೊರಗಿಟ್ಟ ಸಮೋಸಾದ ವಾಸನೆ ಹಿಡಿಯುತ್ತಾರೆ. ವರ್ಷಗಟ್ಟಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ ಒಬ್ಬರಲ್ಲೂ ಒಂದು ಸಂಶಯ ಹುಟ್ಟಿಸಲಿಲ್ಲವೆಂದು ನಿಂತವನಿಗೆ ಆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಮಯೂರಿಗೆ ಆ ಮೌನ ಸಹಿಸಲಾಗುತ್ತಿರಲಿಲ್ಲ. ಟಾಕ್ ಯಾರದೇ ಆಗಿರಲಿ, ವಿಷಯ ತಲೆಗೆ ಹತ್ತಿರಲಿ ಬಿಡಲಿ, ಮೂರನೆಯ ಸಾಲಿನಿಂದ ಅವಳ ಕೈ ಮೇಲೇಳುತ್ತಿತ್ತು. ಒಬ್ಬರು ಕೇಳಿದರೆ ಉಳಿದವರ ಬಾಯಿಯೂ ಬಿಚ್ಚಿಕೊಳ್ಳುತ್ತದೆ. ನಿಂತವನ ಮುಖಕ್ಕೆ ರಕ್ತ ಬರುತ್ತದೆ. ಇದು ಹೇಳಿಕೊಂಡು ಮಾಡುವ ಉಪಕಾರವಲ್ಲ, ಯಾರೂ ನೆನಪಿಟ್ಟುಕೊಳ್ಳುವುದೂ ಇಲ್ಲ. ಆದರೂ ಅವಳಿದ್ದ ಸಂಸ್ಥೆಗೆ ಹೊರಗಿನಿಂದ ಮಾತಾಡಲು ಬರುತ್ತಿದ್ದ ಹುಡುಗರು ಬಾಗಿಲಲ್ಲೇ ಅವಳು ಇದ್ದಾಳೋ ಇಲ್ಲವೋ ನೋಡಿಕೊಳ್ಳುತ್ತಿದ್ದರು.

ಯಾವ ಊರು ಎಂದು ಕೇಳಿದರೆ ಅವಳು ಮುಂಬಯಿ ಪಕ್ಕದ ಘಣಸೋಲಿ ಎನ್ನುತ್ತಿದ್ದಳು, ಅವಳ ತಂದೆ ಶಂಕರೆಪ್ಪ ಬ್ಯಾಡಗಿ ಎನ್ನುತ್ತಿದ್ದ. ಶಂಕರೆಪ್ಪ ವಾಶಿಯ ಮಸಾಲೆ ಮಾರ್ಕೆಟ್‌ನಲ್ಲಿ ಒಣಮೆಣಸಿನಕಾಯಿಯ ದಲ್ಲಾಳಿ. ಊರ ಕಡೆಯವರ ಮಾಲು ಇಲ್ಲಿಯ ವ್ಯಾಪಾರಿಗಳಿಗೆ ಮುಟ್ಟಿಸುವುದು ಅವನ ಜೀವಮಾನದ ಕೆಲಸ. ಸಂಜೆ ಅವನು ಮನೆಯೊಳಗೆ ಕಾಲಿಟ್ಟರೆ ಅಂಗಿಯ ಘಾಟಿಗೆ ಎಲ್ಲರೂ ಒಂದು ಸಲ ಸೀನಬೇಕು. ತಾಯಿ ಸೌಭಾಗ್ಯ ಮಗಳು ಹಿಂದಿಯಲ್ಲಿ ಮಾತಾಡಿದರೆ ಊಟಕ್ಕೆ ಬಡಿಸುತ್ತಿರಲಿಲ್ಲ. ಹಾಗಾಗಿ ಆ ಬಿಲ್ಡಿಂಗಿನ ಮಕ್ಕಳಲ್ಲಿ ಮಯೂರಿಗೊಬ್ಬಳಿಗೇ ಕನ್ನಡ ಪೂರಾ ಬಂದದ್ದು.

ಅವಳ ವಿದ್ಯೆ ವಿಶ್ವದ ಹುಟ್ಟು ಬೆಳವಣಿಗೆಯದ್ದು. ದೂರದ ಗೆಲಾಕ್ಸಿಗಳ ಬೆಳಕು ನಮ್ಮ ಕಡೆ ಬರುವಾಗ, ನಡುದಾರಿಯಲ್ಲಿ ಕಣ್ಣಿಗೆ ಕಾಣದ ಭಾರವಿದ್ದರೆ ಅಲ್ಲಿ ಒಂದಿಷ್ಟು ಬಾಗುತ್ತದೆ. ಹಾಗೆ ಬಾಗಿದ ಬೆಳಕಿನಲ್ಲಿ ಗೆಲಾಕ್ಸಿಗಳು ತುಸು ವಾಲಿದಂತೆ ಕಾಣುತ್ತವೆ. ಲಕ್ಷಗಟ್ಟಲೆ ಗೆಲಾಕ್ಸಿಗಳ ಆ ವಾಲಿಕೆಯನ್ನು ಅಳೆದು ನಡುವಿನ ಭಾರ ಎಷ್ಟೆಂದು ಹೇಳುವುದು ಅವಳ ಕೆಲಸ. ಮಗಳದ್ದು ತೂಕದ ಕೆಲಸ ಎಂದು ತಿಳಿದ ದಿನದಿಂದ ಶಂಕರೆಪ್ಪನಿಗೆ ಅದರ ಮೇಲೆ ಒಂದು ಗೌರವ ಬಂದಿತ್ತು.

ಆದರೆ ಆ ವಿದ್ಯೆಗೆ ಮನೆ ಇಲ್ಲ. ಪುಣೆಯಲ್ಲಿ ಪಿಎಚ್‌ಡಿ ಆಯಿತು, ಜರ್ಮನಿಯಲ್ಲಿ ಒಂದು ಗುತ್ತಿಗೆ ಆಯಿತು, ತಿರುಗಿ ಬಂದು ಮುಂಬಯಿಯಲ್ಲಿ ಇನ್ನೊಂದು. ಈ ಎರಡು-ಮೂರು ವರ್ಷದ ಗುತ್ತಿಗೆಗೆ ಪೋಸ್ಟ್‌ಡಾಕ್ ಎಂದು ಹೆಸರು. ಹೆಸರೇನೋ ಭಾರಿಯಾಗಿದೆ, ಕುರ್ಚಿ ಮಾತ್ರ ಯಾವತ್ತೂ ತನ್ನದಲ್ಲ. ಇದೂ ದೀಪಾವಳಿಗೆ ಮುಗಿಯುವುದಿತ್ತು. ಮುಂದುವರಿಸಲಾಗುವುದಿಲ್ಲವೆಂದು ಮೇಲಿನವರು ನಯವಾಗಿಯೇ ಹೇಳಿದ್ದರು. ಅವಳ ವಯಸ್ಸು ದಾಟಿದವರ ಅರ್ಜಿಯನ್ನು ಹಲವು ಕಡೆ ಮುಟ್ಟುವುದೇ ಇಲ್ಲ. ಜೊತೆಗೆ ಓದಿದ ಸೋನಾಲಿ ಒಂದು ಬ್ಯಾಂಕು ಸೇರಿ ಆಗಲೇ ಬಡ್ತಿ ಪಡೆದಿದ್ದಳು. ನೀನೂ ಬಂದುಬಿಡು ಎಂದು ಅವಳು ಕರೆದಾಗಲೆಲ್ಲ ಮಯೂರಿಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು, ಆಮೇಲೆ ಭಯವಾಗುತ್ತಿತ್ತು.

ಅಂಥದರಲ್ಲಿ ದಕ್ಷಿಣದ ಒಂದು ಸಂಸ್ಥೆಯಿಂದ ಕರೆ ಬಂತು. ಖಾಯಂ ಹುದ್ದೆ ಒಂದೇ ಇತ್ತು, ಆರಿಸಿದ ಕೆಲವರು ಬಂದು ಟಾಕ್ ಕೊಡಬೇಕು. ವಿಮಾನದ ಟಿಕೆಟ್ ಅವರದೇ, ಅತಿಥಿಗೃಹದಲ್ಲಿ ವಾಸ. ಇದು ಕೈ ತಪ್ಪಿದರೆ ಮುಂದೆ ಇನ್ನಾವುದೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅವಳು ತಿಂಗಳುಗಟ್ಟಲೆ ತಯಾರಿ ನಡೆಸಿದಳು. ಬಚ್ಚಲಲ್ಲಿ, ಅಡಿಗೆ ಕಟ್ಟೆಯ ಮುಂದೆ, ಲೋಕಲ್ ರೈಲಿನಲ್ಲಿ ನಿಂತು ಅದನ್ನೇ ಒಪ್ಪಿಸಿಕೊಂಡಳು.

ಟಾಕ್ ಚೆನ್ನಾಗಿಯೇ ಹೋಯಿತು. ಆಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು, ನಿದ್ದೆ ಮಾಡದೇ ಇದ್ದವರು, ಮೆಲ್ಲಗೆ ಒಂದು ಮಾತು ಕೇಳಿದರು. ಒಂದಕ್ಕೊಂದು ಹತ್ತಿರವಿರುವ ಗೆಲಾಕ್ಸಿಗಳು ಹುಟ್ಟಿನಿಂದಲೇ ಒಂದೇ ಕಡೆ ವಾಲಿಕೊಂಡಿರುವುದೂ ಉಂಟಲ್ಲ, ಬೆಳಕು ಬಾಗಿದ್ದರಿಂದ ಬಂದ ವಾಲಿಕೆಯನ್ನು ಅದರಿಂದ ಹೇಗೆ ಬೇರೆ ಮಾಡಿದಿರಿ? ಕಠಿಣ ಪ್ರಶ್ನೆಯಲ್ಲ. ಅದರ ಪರೀಕ್ಷೆಯನ್ನು ಅವಳು ಜರ್ಮನಿಯಲ್ಲಿದ್ದಾಗಲೇ ಮಾಡಿ ಮುಗಿಸಿದ್ದಳು. ಆದರೆ ಆ ಹೊತ್ತಿಗೆ ತಲೆಯೊಳಗೆ ಏನೂ ಉಳಿದಿರಲಿಲ್ಲ. ನೋಡಿ ಹೇಳುತ್ತೇನೆ ಎಂದಳು. ಆ ಹಿರಿಯರು ಸೌಜನ್ಯದಿಂದ ತಲೆಯಾಡಿಸಿ ತಮ್ಮ ಪೆನ್ನಿನ ಮುಚ್ಚಳ ಹಾಕಿದರು.

ಉತ್ತರ ನೆನಪಾದದ್ದು ವಿಮಾನ ಇಳಿದು ಮನೆಗೆ ಬರುವಾಗ, ಐರೋಲಿ ಸೇತುವೆಯ ಮೇಲೆ ಟ್ಯಾಕ್ಸಿ ನಿಂತಾಗ. ಇಡೀ ಉತ್ತರ, ಅಂಕಿಗಳ ಸಮೇತ, ಒಂದೇ ಏಟಿಗೆ ನೆನಪಾಯಿತು. ಅವಳು ಡ್ರೈವರ್ ತಿರುಗಿ ನೋಡುವಷ್ಟು ಜೋರಾಗಿ ಹಣೆ ಚಚ್ಚಿಕೊಂಡಳು.

ಮನೆಗೆ ಬಂದಾಗ ಶಂಕರೆಪ್ಪ ಬಿಡಲಿಲ್ಲ. ಏನೇನಾಯಿತು, ಯಾರು ಏನಂದರು, ಎಲ್ಲಿ ಬಾಯಿ ಕಟ್ಟಿತು ಎಂದು ಕೆದಕಿ ಕೆದಕಿ ಕೇಳಿದ. ಆ ಪ್ರಶ್ನೆ ಏನಿತ್ತೆಂದು ಕನ್ನಡದಲ್ಲಿ ಹೇಳೆಂದ. ಅವಳು ತಡಕಾಡಿ ಹೇಳಿದಳು. ಇನ್ನೊಮ್ಮೆ ಹೇಳೆಂದ, ಮತ್ತೊಮ್ಮೆ ಹೇಳೆಂದ. ಯಾರೂ ಏನೂ ಕೇಳದೇ ಇದ್ದಿದ್ದರೆ ಪಾಡಿತ್ತಲ್ಲ ಎಂದು ಸೌಭಾಗ್ಯ ಅಂದಾಗ ಮಯೂರಿ ಹಾಗಲ್ಲವೆಂದಳು. ಪ್ರಶ್ನೆಯೇ ಬಾರದ ಟಾಕ್ ಸತ್ತಂತೆ, ಅದಕ್ಕಿಂತ ದೊಡ್ಡ ಅವಮಾನ ಇಲ್ಲವೇ ಇಲ್ಲ ಎಂದು ಬಿಡಿಸಿ ಹೇಳಿದಳು.

"ಉತ್ತರ ನಿನಗ ಗೊತ್ತೈತಿ, ಹೌದಿಲ್ಲೋ?" ಎಂದ ಶಂಕರೆಪ್ಪ.

"ಗೊತ್ತೈತಿ ಅಪ್ಪ. ಹೇಳೂ ಹೊತ್ತಿನ್ಯಾಗ ಬರಲಿಲ್ಲ."

"ಹಂಗಾದ್ರ ಆತು ಬಿಡು. ಗೊತ್ತಿದ್ದದ್ದು ಎಲ್ಲಿಗಿ ಹೋಗತೈತಿ."

ಅವನ ಪಾಲಿಗೆ ಕೆಲಸ ಆಗಲೇ ಸಿಕ್ಕಿಯಾಗಿತ್ತು. ಅದಕ್ಕೆ ಅವನದೇ ಮಾರ್ಕೆಟ್ಟಿನ ಲೆಕ್ಕವೊಂದಿತ್ತು. ಊರಿನಿಂದ ಮೊದಲು ಮೆಣಸಿನಕಾಯಿಯ ಸ್ಯಾಂಪಲ್ ಬರುತ್ತದೆ. ವ್ಯಾಪಾರಿ ಅದನ್ನು ಮುರಿದು, ಮೂಸಿ, ಬಣ್ಣ ನೋಡುತ್ತಾನೆ. ಬೇಡವಾದರೆ ಅಲ್ಲಿಗೇ ಮುಗಿಯಿತು. ಬೇಕಾದರೆ ಮಾತ್ರ ಮಾಲಿನ ಒಡೆಯನಿಗೆ ಗಾಡಿ ಖರ್ಚು ಕೊಟ್ಟು ಕರೆಸುತ್ತಾನೆ. ಹಾಗೆ ಕರೆಸಿಕೊಂಡವನು ಬರಿಗೈಯಲ್ಲಿ ತಿರುಗಿ ಹೋದದ್ದನ್ನು ಶಂಕರೆಪ್ಪ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಮಗಳ ಕಾಗದಪತ್ರವೆಲ್ಲ ಮೊದಲೇ ನೋಡಿ, ಆಮೇಲೆ ವಿಮಾನದ ಟಿಕೆಟ್ ಕಳಿಸಿ ಕರೆಸಿದ್ದಾರೆಂದ ಮೇಲೆ ಉಳಿದದ್ದು ಬರೀ ಶಾಸ್ತ್ರ ಎಂದುಕೊಂಡ. ಒಂದು ಹುದ್ದೆಗೆ ಐದಾರು ಜನರಿಗೆ ಟಿಕೆಟ್ ಕಳಿಸಿ, ಒಬ್ಬರನ್ನಿಟ್ಟುಕೊಂಡು ಉಳಿದವರಿಗೆ ಒಂದು ಮಾತೂ ಹೇಳದೆ ಬಿಡುವ ವ್ಯಾಪಾರ ಅವನ ಬುದ್ಧಿಗೆ ಹೊಳೆಯುವುದಾದರೂ ಹೇಗೆ?

ಅವನು ಸಾನಪಾಡಾದ ಕನ್ನಡ ಸಂಘದ ಅಧ್ಯಕ್ಷರಾದ ಧರ್ಮಪಾಲರಿಗೆ ಸುದ್ದಿ ಮುಟ್ಟಿಸಿದ. ಧರ್ಮಪಾಲರು ಉಡುಪಿ ಕಡೆಯವರು, ಹೋಟೆಲಿನವರು, ಶಾಲು ಹೊದಿಸಲು ಒಂದು ಹೆಗಲು ಸಿಕ್ಕರೆ ಬಿಡುವ ಪೈಕಿಯಲ್ಲ. ಮರುದಿನವೇ ಸಂಘದ ವಾಟ್ಸಾಪ್‌ನಲ್ಲಿ ಮಯೂರಿಯ ಫೋಟೋ ಬಂತು. ಖಾಯಂ ವಿಜ್ಞಾನಿಯಾಗಿ ಆಯ್ಕೆಯಾದ ನಮ್ಮ ಹೆಮ್ಮೆಯ ಕುವರಿಗೆ ಸನ್ಮಾನ, ಬಳಿಕ ಆಕೆಯಿಂದ ವಿಶ್ವದ ಕುರಿತು ಕನ್ನಡದಲ್ಲಿ ಉಪನ್ಯಾಸ, ಭಾನುವಾರ ಸಂಜೆ, ಉಪಾಹಾರ ಉಂಟು.

ಮಯೂರಿ ಅದನ್ನು ಎರಡು ಸಲ ಓದಿದಳು. ಅವಳು ತಂದೆಯ ಮೇಲೆ ಕೂಗಾಡಿದಳು, ಇನ್ನೂ ಏನೂ ಆಗಿಲ್ಲವೆಂದಳು. ಶಂಕರೆಪ್ಪ ಮುಗುಳ್ನಕ್ಕು, ಆಗುವುದು ಭಾನುವಾರದೊಳಗೆ ಆಗುತ್ತದೆ ಎಂದ. ಅದೇ ಗಳಿಗೆಯಲ್ಲಿ ಅವಳು ಧರ್ಮಪಾಲರಿಗೆ ಫೋನ್ ಮಾಡಿ ನಿಲ್ಲಿಸಬಹುದಿತ್ತು. ಮಾಡಲಿಲ್ಲ. ಅಪ್ಪನ ಮಾತು ನಿಜವಾದರೂ ಆದೀತು ಎಂಬ ಆಸೆಯೊಂದು ಅವಳೊಳಗೆ ಹಲ್ಲು ಕಚ್ಚಿ ಕೂತಿತ್ತು. ಆ ಫೋನ್ ಮಾಡಿದರೆ ಆ ಆಸೆಯನ್ನು ತಾನೇ ಕೈಯಾರೆ ಕೊಂದಂತಾಗುತ್ತಿತ್ತು.

ಗುರುವಾರ ಅವಳ ಸಂಸ್ಥೆಯಲ್ಲಿ ವಾರದ ಸೆಮಿನಾರ್. ಅಂದು ಮಾತಾಡುವವನು ಕೌಶಲ್. ಠಾಣೆಯಲ್ಲಿ ಬೆಳೆದ ಹುಡುಗ, ಪುಣೆಯಲ್ಲಿ ಅವಳ ಪಕ್ಕದ ಮೇಜಿನಲ್ಲಿ ಕೂತು ಪಿಎಚ್‌ಡಿ ಮಾಡಿದವನು. ಮಯೂರಿ ತನ್ನ ಎಂದಿನ ಜಾಗದಲ್ಲಿ ಕೂತಳು. ಟಾಕಿಗೆ ಮುಂಚೆ ಮಾತಾಡುವವರ ಪರಿಚಯ ಹೇಳುವ ಪದ್ಧತಿ. ಎಲ್ಲಿ ಓದಿದರು, ಎಲ್ಲಿದ್ದರು, ಮುಂದೆ ಎಲ್ಲಿಗೆ. ಪರಿಚಯಿಸಿದ ಪ್ರೊಫೆಸರರು ಕಾಗದ ನೋಡಿ ಓದುತ್ತ, ಕೌಶಲ್ ಮುಂದಿನ ತಿಂಗಳು ಇಂಥ ಸಂಸ್ಥೆಯಲ್ಲಿ ಖಾಯಂ ಆಗಿ ಸೇರಲಿದ್ದಾರೆ, ಅಭಿನಂದನೆಗಳು ಎಂದರು. ಅವರು ಹೇಳಿದ್ದು ದಕ್ಷಿಣದ ಅದೇ ಸಂಸ್ಥೆಯ ಹೆಸರು. ಅಲ್ಲಿದ್ದದ್ದು ಅದೊಂದೇ ಹುದ್ದೆ.

ಎಲ್ಲರೂ ಚಪ್ಪಾಳೆ ತಟ್ಟಿದರು, ಮಯೂರಿಯೂ ತಟ್ಟಿದಳು. ಅಂಗೈ ಉರಿಯುವಷ್ಟು ತಟ್ಟಿದಳು. ಆಮೇಲೆ ಒಂದು ಗಂಟೆ ಪರದೆಯ ಮೇಲೆ ಏನು ಬಂತು ಏನು ಹೋಯಿತು ಅವಳಿಗೆ ಕಾಣಲಿಲ್ಲ. ಎದ್ದು ಹೋಗೋಣವೆಂದರೆ ಸಾಲಿನವರೆಲ್ಲ ಕಾಲು ಮಡಿಸಿಕೊಂಡು ದಾರಿ ಬಿಡಬೇಕು, ಬಿಡುವಾಗ ಮುಖ ನೋಡುತ್ತಾರೆ. ಅವಳು ಕೂತಳು. ಕೌಶಲ್ ಮಾತು ಮುಗಿಸಿ ಪ್ರಶ್ನೆಗಳಿವೆಯೇ ಎಂದಾಗ ಯಾರೂ ತುಟಿ ಬಿಚ್ಚಲಿಲ್ಲ. ಎ.ಸಿ.ಯ ಸದ್ದು ಕೇಳಿಸಿತು. ಕೌಶಲ್ ನೀರಿನ ಬಾಟಲಿ ಎತ್ತಿಕೊಂಡ, ಕೆಳಗಿಟ್ಟ, ಮೂರನೆಯ ಸಾಲಿನತ್ತ ನೋಡಿದ.

ಅವಳ ಕೈ ಮೇಲೆದ್ದಿತು. ತನ್ನ ಕೈಯ ಮೇಲೆ ಅವಳಿಗೆ ಅಷ್ಟು ಅಸಹ್ಯ ಯಾವತ್ತೂ ಹುಟ್ಟಿರಲಿಲ್ಲ. ಏನೋ ಒಂದು ಕೇಳಿದಳು. ಅವನು ಉತ್ಸಾಹದಿಂದ ಉತ್ತರಿಸಿದ, ಬೇರೆ ಕೈಗಳೂ ಎದ್ದವು. ಹೊರಗೆ ಚಹಾದ ಹತ್ತಿರ ಅವನು ಅವಳ ಭುಜ ತಟ್ಟಿ, "ಯಾರ್, ತೂನೇ ಬಚಾ ಲಿಯಾ," ನೀನೇ ಉಳಿಸಿದೆ ಎಂದ. ಅವಳೂ ಅದೇ ಹುದ್ದೆಗೆ ಹೋಗಿ ಬಂದದ್ದು ಅವನಿಗೆ ಗೊತ್ತಿರಲಿಲ್ಲ. ಅವಳು ಹೇಳಲೂ ಇಲ್ಲ.

ಮನೆಯಲ್ಲಿಯೂ ಹೇಳಲಾಗಲಿಲ್ಲ. ಶುಕ್ರವಾರ ಸೌಭಾಗ್ಯ ಮಗಳ ರೇಶ್ಮೆ ಸೀರೆಗೆ ಇಸ್ತ್ರಿ ಮಾಡಿಸಿ ತಂದಳು. ಶನಿವಾರ ಶಂಕರೆಪ್ಪ ಕ್ಷೌರ ಮಾಡಿಸಿಕೊಂಡು ಬಂದ. ಅವಳು ಬಾಯಿ ತೆರೆದಾಗಲೆಲ್ಲ ಅವರಲ್ಲೊಬ್ಬರು ಸಂತೋಷದಿಂದ ಏನಾದರೂ ಹೇಳುತ್ತಿದ್ದರು. ಭಾನುವಾರ ಮಧ್ಯಾಹ್ನ ಮೂವರೂ ಘಣಸೋಲಿಯಲ್ಲಿ ರೈಲು ಹತ್ತಿದರು. ಕೋಪರಖೈರಣೆ ಬಂದಾಗ ಹೇಳಬೇಕೆಂದುಕೊಂಡಳು, ತುರ್ಭೆ ಬಂದಾಗ ಹೇಳಬೇಕೆಂದುಕೊಂಡಳು. ಎದುರಿಗೆ ಶಂಕರೆಪ್ಪ ಮದುವೆಗಷ್ಟೇ ಹಾಕುವ ಬಿಳಿ ಅಂಗಿ ತೊಟ್ಟು, ಕಣ್ಣು ಮುಚ್ಚಿ ಕೂತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. ಶಿವನಾಮವಿರಬೇಕೆಂದು ಅವಳು ಸುಮ್ಮನಾದಳು.

ಸಂಘದ ಹಾಲ್ ತುಂಬಿತ್ತು. ಗದಗ, ಬಾಗಲಕೋಟೆ, ಕುಂದಾಪುರ, ಕಾರ್ಕಳ ಎಲ್ಲ ಕಡೆಯವರೂ ಬಂದಿದ್ದರು. ಅವರ ಮಕ್ಕಳು ಹಿಂದಿನ ಕುರ್ಚಿಗಳಲ್ಲಿ ಮರಾಠಿಯಲ್ಲಿ ಪಿಸುಗುಟ್ಟುತ್ತಿದ್ದರು. ಮೊದಲು ಸನ್ಮಾನ ಆಗಿಬಿಡಲಿ ಎಂದ ಧರ್ಮಪಾಲರು ಅವಳಿಗೆ ಉಸಿರಾಡಲು ಬಿಡದೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಬಡಬಡ ಚಪ್ಪಾಳೆ ಬಿತ್ತು. ಮೊದಲ ಸಾಲಿನಲ್ಲಿ ಶಂಕರೆಪ್ಪ ಚಪ್ಪಾಳೆ ತಟ್ಟದೆ ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದ. ಅವನ ಕಣ್ಣು ತುಂಬಿತ್ತು.

ಅವಳು ಮಾತಾಡಿದಳು. ಕನ್ನಡದಲ್ಲಿ ಯಾವತ್ತೂ ಹೇಳಿರದ ವಿಷಯ, ಒಂದೊಂದು ವಾಕ್ಯಕ್ಕೂ ಬೆವರು ಕಿತ್ತು ಬಂತು. ಬೆಳಕು ಬಾಗುವುದನ್ನು ಹೇಳಿದಳು, ಗೆಲಾಕ್ಸಿಗಳ ಚಿತ್ರ ತೋರಿಸಿದಳು. ಜನ ಮರ್ಯಾದೆಯಿಂದ ಕೇಳಿದರು. ಕೊನೆಯ ಸ್ಲೈಡಿಗೆ ಬಂದಳು. ಯಾವ ಟಾಕಿನಲ್ಲೂ ಕೊನೆಯ ಸ್ಲೈಡ್ ಮುಂದೇನು ಮಾಡುತ್ತೇನೆ ಎನ್ನುವುದು, ಅಭ್ಯಾಸಬಲದಿಂದ ಇಲ್ಲೂ ಅದನ್ನೇ ಹಾಕಿದ್ದಳು. ಮೇಲೆ 'ಮುಂದೆ' ಎಂದಷ್ಟೇ ಇತ್ತು, ಅದರ ಕೆಳಗೆ ಬರೆಯಲು ಅವಳಿಗೆ ಏನೂ ಸಿಕ್ಕಿರಲಿಲ್ಲ. ಪರದೆಯ ಮೇಲಿನ ಆ ಖಾಲಿ ಜಾಗವನ್ನು ನೋಡುತ್ತ ಅವಳು ನಿಂತೇ ಇದ್ದಳು. ಆಮೇಲೆ ಶಾಲು ತೆಗೆದು, ಮಡಚಿ, ಮೇಜಿನ ಮೇಲಿಟ್ಟಳು.

"ಆ ಕೆಲಸ ನನಗ ಸಿಕ್ಕಿಲ್ಲ," ಎಂದಳು. "ಬ್ಯಾರೆಯವರಿಗಿ ಸಿಕ್ಕೈತಿ. ನನಗ ಗುರುವಾರನ ಗೊತ್ತಾಗಿತ್ತು. ಅಪ್ಪಗ ಗೊತ್ತಿಲ್ಲ, ಅವರದೇನೂ ತಪ್ಪಿಲ್ಲ. ದೀಪಾವಳಿ ಆದ ಮ್ಯಾಲ ನನಗ ಎಲ್ಲೂ ಕೆಲಸ ಇಲ್ಲ. ಇಷ್ಟ."

ಧರ್ಮಪಾಲರ ಮುಖ ಹುಳ್ಳಗಾಯಿತು. ಒಳ್ಳೆಯ ಮನುಷ್ಯ, ಏನು ಮಾಡಬೇಕೆಂದು ತಿಳಿಯದೆ ಮೈಕ್ ಹಿಡಿದು, "ಯಾರಿಗಾದ್ರೂ ಪ್ರಶ್ನೆ ಉಂಟಾ?" ಎಂದುಬಿಟ್ಟರು.

ಯಾರಿಗೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಮಡಿಲು ನೋಡಿಕೊಂಡರು. ಫ್ಯಾನ್ ತಿರುಗುವ ಸದ್ದು ಕೇಳಿಸಿತು. ಆ ಮೌನ ಮಯೂರಿಗೆ ಗುರುತಿತ್ತು, ಮಂದಿಯನ್ನು ಎಷ್ಟೋ ಸಲ ಅದರಿಂದ ಪಾರು ಮಾಡಿದ್ದಳು. ಈಗ ಅದು ಅವಳ ಮೇಲೆಯೇ ಬಂದಿತ್ತು. ಮೊದಲ ಸಾಲಿನಲ್ಲಿ ಶಂಕರೆಪ್ಪ ಎದ್ದು ನಿಂತ. ಸಿಟ್ಟಿನಿಂದ ಹೊರಗೆ ಹೋಗುತ್ತಾನೆ, ಇಷ್ಟು ಜನರ ಮುಂದೆ ಅವನ ಮುಖಕ್ಕೆ ಮಸಿ ಬಳಿದಿದ್ದೇನೆ ಎಂದು ಅವಳು ಕಣ್ಣು ಮುಚ್ಚಿಕೊಂಡಳು.

ಅವನು ಹೋಗಲಿಲ್ಲ. ಬಲಗೈ ಮೇಲೆತ್ತಿದ.

"ನನ್ನದೊಂದು ಪ್ರಶ್ನಿ ಐತಿ ಮೇಡಂ," ಎಂದ. ಮಾರ್ಕೆಟ್ಟಿನಲ್ಲಿ ಅಷ್ಟು ದೊಡ್ಡ ದನಿಯವನ ದನಿ ನಡುಗುತ್ತಿತ್ತು. ಅಂಗಿಯ ಗುಂಡಿ ಹಿಡಿದುಕೊಂಡು ಒಂದೊಂದೇ ಶಬ್ದ ಎತ್ತಿಟ್ಟ. "ಹತ್ತಿರ ಇರೂ ಗೆಲಾಕ್ಸಿಗಳು ಹುಟ್ಟಿನಿಂದನ ಒಂದ ಕಡಿ ವಾಲಿರತಾವು. ಬೆಳಕು ಬಾಗಿ ವಾಲಿದಂಗ ಕಾಣೂದನ್ನ ಅದರಿಂದ ತಾವು ಹೆಂಗ ಬ್ಯಾರೆ ಮಾಡಿದ್ರಿ?"

ರೈಲಿನಲ್ಲಿ ಅವನ ತುಟಿ ಅಲ್ಲಾಡುತ್ತಿದ್ದದ್ದು ಯಾತಕ್ಕೆಂದು ಅವಳಿಗೆ ಆಗ ತಿಳಿಯಿತು. ಧರ್ಮಪಾಲರ ಕೈಯಿಂದ ಮೈಕ್ ತೆಗೆದುಕೊಂಡಳು. ಈ ಸಲ ಉತ್ತರ ಬಂತು. ಹತ್ತಿರದ ಜೋಡಿಗಳನ್ನೆಲ್ಲ ಲೆಕ್ಕದಿಂದ ತೆಗೆದು ಹಾಕಿದೆ, ಒಂದು ಮುಂದೆ ಒಂದು ಬಹಳ ಹಿಂದೆ ಇರುವ, ಒಂದಕ್ಕೊಂದು ಸಂಬಂಧವೇ ಇಲ್ಲದ ಜೋಡಿಗಳನ್ನಷ್ಟೇ ಇಟ್ಟುಕೊಂಡು ಮತ್ತೆ ಅಳೆದೆ ಎಂದಳು. ಅಷ್ಟಾದರೂ ಉಳಿಯುವ ಒಂದು ಕೊಸರು ಏನು, ಅದನ್ನು ಹೇಗೆ ಕಳೆಯಬೇಕು ಎಂದು ಕೈಯಲ್ಲಿ ಗಾಳಿಯಲ್ಲಿ ಗೀಚಿ ತೋರಿಸಿದಳು. ಯಾವುದನ್ನೂ ಬಿಡಲಿಲ್ಲ, ಎಲ್ಲಿಯೂ ತಡವರಿಸಲಿಲ್ಲ. ಹಾಲಿನಲ್ಲಿ ಒಬ್ಬರಿಗೂ ಅರ್ಥವಾಗಲಿಲ್ಲ, ಕೇಳಿದವನಿಗಂತೂ ಮೊದಲೇ ಇಲ್ಲ. ಅವನು ನಿಂತೇ ಇದ್ದು, ಪ್ರತಿ ಮಾತಿಗೂ ತಲೆಯಾಡಿಸುತ್ತ ಕೇಳಿದ.

"ಅಂದ್ರ ತೂಕ ಬದಲಾಗಲಿಲ್ಲ?"

"ಇಲ್ಲಪ್ಪ. ಅಷ್ಟ ಬಂತು."

ಶಂಕರೆಪ್ಪ ಕೂತುಕೊಂಡ. ಧರ್ಮಪಾಲರು ಗಡಬಡಿಸಿ ಉಪಾಹಾರಕ್ಕೆ ಕರೆದರು, ಕುರ್ಚಿಗಳ ಸದ್ದಿನಲ್ಲಿ ಎಲ್ಲ ಮುಗಿಯಿತು. ಶಾಲನ್ನು ಅವರು ತಿರುಗಿ ತೆಗೆದುಕೊಳ್ಳಲಿಲ್ಲ. ಸೌಭಾಗ್ಯ ಅದನ್ನು ಚೀಲಕ್ಕೆ ಹಾಕಿಕೊಂಡು ಮುಂದೆ ನಡೆದಳು.

ಸಾನಪಾಡಾ ಸ್ಟೇಷನ್ನಿನಲ್ಲಿ ಠಾಣೆ ಗಾಡಿ ತಡವಾಗಿತ್ತು. ಹೊತ್ತು ಮುಳುಗುತ್ತಿತ್ತು. ಮೂವರೂ ಬೆಂಚಿನ ಮೇಲೆ ಕೂತಿದ್ದರು. ಶಂಕರೆಪ್ಪ ಮಗಳ ಕಡೆ ತಿರುಗಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಸಂತೆ ಮುಗಿದ ಮೇಲೂ ಒಬ್ಬ ಗಿರಾಕಿ ಸಿಕ್ಕಾನೆಂದು ನೋಡುವವನ ಆಸೆಯಿತ್ತು.

"ಯವ್ವಾ, ಇಷ್ಟ ಚಂದ ಹೇಳಿದಿ. ಈಗರ ಆ ಹಿರ್ಯಾರಿಗೊಂದು ಫೋನ್ ಮಾಡು," ಎಂದ. "ಉತ್ತರ ನಿನಗ ಬರತೈತಿ ಅಂತ ಗೊತ್ತಾದ್ರ, ಅವ್ರು ಮತ್ತ ಕರೀತಾರ."

ಮಯೂರಿ ಅವನ ಬಿಳಿ ಅಂಗಿಯ ತೋಳು ಹಿಡಿದುಕೊಂಡಳು. ಗುರುವಾರದಿಂದ ಬಾರದೆ ನಿಂತಿದ್ದ ಅಳು ಆಗ ಬಂತು. ಗಾಡಿ ಬಂದು, ನಿಂತು, ಹೋಯಿತು. ಶಂಕರೆಪ್ಪ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು, ಮಾಡ್ತೀ ಹೌದಿಲ್ಲೋ ಎಂದು ಮತ್ತೆ ಮತ್ತೆ ಕೇಳುತ್ತಿದ್ದ.